ತೊಟ್ಟಿ, ಮಣೆ, ಇಲಿ: ದಾರಿಯ ನೆನಪಿನ ಪರೀಕ್ಷೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ದುರ್ಗದ ಎಂ.ಫಾರ್ಮ್ ಹುಡುಗ ಹುಡುಗಿಯರು ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಫೋನ್ ಮಾಡುತ್ತಾರೆ. "ಸರ್, ವಾಟರ್ ಮೇಜ್ ಬಗ್ಗೆ ಒಂದೇ ಒಂದು ಡೌಟು." ಮೇಜ್ ಅಂದರೆ ಟೇಬಲ್ ಅಲ್ಲ, ದಾರಿ ಹುಡುಕಿಸುವ ಏರ್ಪಾಡು. ವಾಟರ್ ಮೇಜ್ ಅಂದರೆ ನೀರಿನ ತೊಟ್ಟಿಯಲ್ಲಿ ಈಜಿಸಿ, ಔಷಧ ಕೊಟ್ಟ ಇಲಿಗೂ ಕೊಡದ ಇಲಿಗೂ ದಾರಿಯ ನೆನಪು ಎಷ್ಟಿದೆ ಅಂತ ನೋಡುವ ಪರೀಕ್ಷೆ. ಆ ಒಂದು ಡೌಟು ಮುಗಿಯುವಷ್ಟರಲ್ಲಿ ಟೀ ಆರಿಹೋಗಿರುತ್ತದೆ. ಅದಕ್ಕೇ ಎಲ್ಲ ಬರೆದಿಟ್ಟಿದ್ದೇನೆ. ಲ್ಯಾಬಿನಲ್ಲಿ ನಾವು ರ್ಯಾಟ್, ಮೈಸ್ ಅನ್ನುತ್ತೇವೆ. ಇಲ್ಲಿ ರ್ಯಾಟ್‌ಗೆ ಇಲಿ, ಮೈಸ್‌ಗೆ ಚಿಟ್ಟಿಲಿ ಅಂದಿದ್ದೇನೆ. ಪ್ಲಾಟ್‌ಫಾರ್ಮ್‌ಗೆ ಮಣೆ. ಅದು ನಮ್ಮ ಅಟೆಂಡರ್ ಇಟ್ಟ ಹೆಸರು, ಹಾಗೇ ಉಳಿದುಕೊಂಡಿತು.

ಇಲಿಯನ್ನು ನೀರಿಗೆ ಬಿಟ್ಟರೆ ಅದರ ನೆನಪು ಹೇಗೆ ಗೊತ್ತಾಗುತ್ತದೆ?

ನೇರವಾಗಿ ಗೊತ್ತಾಗುವುದಿಲ್ಲ. ನಮ್ಮ ಕಣ್ಣಿಗೆ ಕಾಣುವುದು ಇಲಿ ಎಷ್ಟು ಸೆಕೆಂಡ್ ಈಜಿತು, ಎಲ್ಲೆಲ್ಲಿ ಈಜಿತು ಅನ್ನುವುದು ಅಷ್ಟೇ. ನೆನಪು ನಮ್ಮ ಊಹೆ. ಈ ಮಾತನ್ನು ಮುಂದೆಯೂ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವೈವಾದಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಏರ್ಪಾಡು ಸರಳ. ಒಂದು ದುಂಡು ತೊಟ್ಟಿ. ಅದರಲ್ಲಿ ನೀರು. ನೀರಿನ ಮಟ್ಟಕ್ಕಿಂತ 1-2 ಸೆಂ.ಮೀ. ಕೆಳಗೆ ಒಂದು ಪುಟ್ಟ ಮಣೆ, ಇಲಿಯ ಕಣ್ಣಿಗೆ ಕಾಣಬಾರದು. ಇಲಿಗೆ ಈಜು ಬರುತ್ತದೆ, ಆದರೆ ನೀರಿನಲ್ಲಿರಲು ಇಷ್ಟವಿಲ್ಲ. ಸುತ್ತಾಡುತ್ತಾ ಮಣೆ ಸಿಕ್ಕಿದರೆ ಹತ್ತಿ ಕೂರುತ್ತದೆ. ಮೊದಲ ದಿನ ಸಿಗುವುದು ಅದೃಷ್ಟ. ನಾಲ್ಕೈದು ದಿನ ಕಳೆದ ಮೇಲೆ ಎಲ್ಲಿಂದ ಬಿಟ್ಟರೂ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಮಣೆ ಕಾಣುವುದಿಲ್ಲ, ವಾಸನೆಯೂ ನೀರಿನಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಕೋಣೆಯ ಗೋಡೆಯ ಮೇಲಿನ ಗುರುತುಗಳನ್ನು ನೋಡಿಕೊಂಡು ಜಾಗ ಹುಡುಕಿರಬೇಕು, ಅಲ್ವಾ? ರಿಚರ್ಡ್ ಮಾರಿಸ್ 1981ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೇ ಮಾರಿಸ್ ವಾಟರ್ ಮೇಜ್ ಅನ್ನುವ ಹೆಸರು.

ದಾರಿಯ ನೆನಪು ಅಂದರೆ "ಎಡಕ್ಕೆ ಹೋಗು, ಬಲಕ್ಕೆ ತಿರುಗು" ಅಂತ ಬಾಯಿಪಾಠ ಮಾಡುವುದಾ?

ಅದೂ ಒಂದು ಬಗೆ. ಆದರೆ ನಾವು ಹುಡುಕುತ್ತಿರುವುದು ಅದಲ್ಲ. ದುರ್ಗದ ಕೋಟೆಗೆ ಮೊದಲ ಸಲ ಬಂದವರನ್ನು ನೋಡಿ. ಗೈಡ್ ಹಿಂದೆ ಹೋಗುತ್ತಾರೆ, ತಿರುವು ಎಣಿಸುತ್ತಾರೆ. ಒಂದು ಬಾಗಿಲು ತಪ್ಪಿದರೆ ಲೆಕ್ಕವೆಲ್ಲ ತಪ್ಪು. ಊರಿನ ಹುಡುಗರು ಹಾಗಲ್ಲ. ಗೋಪಾಲಸ್ವಾಮಿ ಹೊಂಡದ ಹತ್ತಿರ ಬಿಡಿ, ಇನ್ನೆಲ್ಲಾದರೂ ಬಿಡಿ, ಬತೇರಿ ಯಾವ ಕಡೆ, ಗುಡಿಯ ದೀಪಸ್ತಂಭ ಯಾವ ಕಡೆ ಅಂತ ಒಮ್ಮೆ ಕತ್ತೆತ್ತಿ ನೋಡಿ ಇಳಿದುಬಿಡುತ್ತಾರೆ. ತಲೆಯಲ್ಲಿ ಕೋಟೆಯ ನಕ್ಷೆಯೇ ಇದೆ. ಇಲಿಗೂ ಇಂಥ ನಕ್ಷೆ ಇರುತ್ತದೆ ಅಂತ ಮನಶ್ಶಾಸ್ತ್ರಜ್ಞ ಟಾಲ್ಮನ್ 1948ರಲ್ಲೇ ವಾದಿಸಿದ್ದರು.

ನಕ್ಷೆಯ ಕೆಲಸ ಮುಖ್ಯವಾಗಿ ಮಿದುಳಿನ ಹಿಪ್ಪೊಕ್ಯಾಂಪಸ್‌ನದು. ಜಾನ್ ಓಕೀಫ್ ಮತ್ತು ಅವರ ಜೊತೆಗಾರರು 1971ರಲ್ಲಿ ಅಲ್ಲಿ ಒಂದು ವಿಚಿತ್ರ ಕಂಡರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಕೆಲವು ನರಕೋಶಗಳು ಮಿಡಿಯುತ್ತವೆ, ಜಾಗ ಬದಲಾದರೆ ಸುಮ್ಮನಾಗುತ್ತವೆ. ಅವಕ್ಕೆ ಪ್ಲೇಸ್ ಸೆಲ್ ಅಂತ ಹೆಸರು. 2005ರಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ ಪಕ್ಕದ ಭಾಗದಲ್ಲಿ, ಜಾಲರಿಯ ಹಾಗೆ ಸಮ ಅಂತರದ ಜಾಗಗಳಲ್ಲಿ ಮಿಡಿಯುವ ಗ್ರಿಡ್ ಸೆಲ್‌ಗಳನ್ನು ತೋರಿಸಿತು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಹಿಪ್ಪೊಕ್ಯಾಂಪಸ್‌ಗೆ ಏಟಾದ ಇಲಿಗಳು ಬಚ್ಚಿಟ್ಟ ಮಣೆಯನ್ನು ಸರಿಯಾಗಿ ಕಲಿಯಲಾರವು, ಕಣ್ಣಿಗೆ ಕಾಣುವ ಮಣೆಗೆ ಮಾತ್ರ ಹೋಗುತ್ತವೆ ಅಂತ 1982ರಲ್ಲಿ ಮಾರಿಸ್ ಮತ್ತು ಇತರರು ತೋರಿಸಿದರು.

ತೊಟ್ಟಿ ಎಷ್ಟು ದೊಡ್ಡದಿರಬೇಕು? ನೀರು ಎಷ್ಟು ಬೇಕು?

ಚಿಟ್ಟಿಲಿಗೆ 120 ಸೆಂ.ಮೀ. ಅಗಲ ಸಾಕು. ಇಲಿಗೆ 180 ಅಥವಾ ಇನ್ನೂ ಸ್ವಲ್ಪ ಜಾಸ್ತಿ. ಇಲಿಯನ್ನು ಚಿಕ್ಕ ತೊಟ್ಟಿಗೆ ಬಿಟ್ಟರೆ ಪರೀಕ್ಷೆ ಸುಲಭವಾಗಿಬಿಡುತ್ತದೆ. ಸುಮ್ನೆ ಸುತ್ತಿದರೂ ಮಣೆ ಕಾಲಿಗೆ ತಾಗುತ್ತದೆ. ಮಣೆ 10 ಸೆಂ.ಮೀ. ಆಸುಪಾಸು.

ನೀರಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. 120 ಸೆಂ.ಮೀ. ತೊಟ್ಟಿಗೆ 30 ಸೆಂ.ಮೀ. ಆಳಕ್ಕೆ ಸುಮಾರು 340 ಲೀಟರ್. 180ರ ತೊಟ್ಟಿಗೆ ಅದೇ ಆಳಕ್ಕೆ 760 ದಾಟುತ್ತದೆ. 15 ಲೀಟರ್ ಕೊಡದಲ್ಲಿ ಐವತ್ತು ಕೊಡ. ಏಪ್ರಿಲ್‌ನಲ್ಲಿ ದುರ್ಗದಲ್ಲಿ ಪ್ರಾಜೆಕ್ಟ್ ಇಟ್ಟುಕೊಂಡು, ಇಲಿ ಈಜಿಸಲು ಟ್ಯಾಂಕರ್ ಬೇಕು ಅಂತ ಕೇಳಿ ನೋಡಿ, ಯಾರು ಏನನ್ನುತ್ತಾರೆ ಗೊತ್ತಾಗುತ್ತದೆ. ತೊಟ್ಟಿಯ ತಳದಲ್ಲಿ ನಲ್ಲಿ ಇಟ್ಟೇ ಮಾಡಿಸಿ. ನಾವು ಇಡಿಸಿರಲಿಲ್ಲ. ಮೊದಲ ವರ್ಷ ಇಡೀ ಮಗ್‌ನಲ್ಲಿ ತೋಡಿದ್ದೇವೆ.

ನೀರಿಗೆ ಹಾಲಿನ ಪುಡಿ ಹಾಕಲೇಬೇಕಾ?

ಮಣೆ ಕಾಣಬಾರದು ಅನ್ನುವುದಕ್ಕೆ ಅದು. ಆದರೆ ನಮ್ಮ ಕಡೆಯ ಸೆಖೆಗೆ ಹಾಲಿನ ನೀರು ಸಂಜೆಗೇ ಹುಳಿ ವಾಸನೆ ಹೊಡೆಯುತ್ತದೆ. ದಿನಾ ಬದಲಿಸಬೇಕು, ಮತ್ತೆ ಆ 340 ಲೀಟರ್. ವಿಷವಿಲ್ಲದ ಬಿಳಿ ಪೋಸ್ಟರ್ ಬಣ್ಣ ಉತ್ತಮ.

ಇನ್ನೊಂದು ಮಾತು. ನಮ್ಮಲ್ಲಿ ಬಹುತೇಕ ಬಳಸುವುದು ವಿಸ್ಟರ್ ಇಲಿ, ಸ್ವಿಸ್ ಚಿಟ್ಟಿಲಿ. ಎರಡೂ ಬಿಳಿ. ಬಿಳಿ ನೀರಿನಲ್ಲಿ ಬಿಳಿ ಪ್ರಾಣಿ ಬಿಟ್ಟರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ತೊಟ್ಟಿಗೂ ಮಣೆಗೂ ಒಳಗೆ ಕಪ್ಪು ಬಳಿಸಿಬಿಡಿ. ನೀರಿಗೆ ಏನೂ ಬೆರೆಸದೆ ನಡೆಯುತ್ತದೆ, ಪ್ರಾಣಿಯೂ ಎದ್ದು ಕಾಣುತ್ತದೆ.

ನೀರಿನ ಬಿಸಿ ಎಷ್ಟಿರಬೇಕು?

ಚಿಟ್ಟಿಲಿಗೆ 22ರಿಂದ 25 ಡಿಗ್ರಿ. ಇಲಿಗೆ ಇನ್ನೂ ಒಂದೆರಡು ಡಿಗ್ರಿ ಕಡಿಮೆಯೂ ನಡೆಯುತ್ತದೆ. ಬೆಚ್ಚಗಾದರೆ ಹೊರಬರುವ ಅವಸರವೇ ಇರುವುದಿಲ್ಲ, ಆರಾಮಾಗಿ ತೇಲುತ್ತವೆ. ತಣ್ಣಗಾದರೆ ಮೈ ಮರಗಟ್ಟಿ ಈಜು ನಿಧಾನವಾಗುತ್ತದೆ. ಎರಡನ್ನೂ ನೀವು "ನೆನಪು ಕಡಿಮೆ" ಅಂತ ಬರೆದುಕೊಳ್ಳುತ್ತೀರಿ. ಅಪಾಯ ಅಲ್ಲಿದೆ.

ದಾವಣಗೆರೆಯ ಮೇ ತಿಂಗಳಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರನ್ನು ನಂಬಬೇಡಿ. 340 ಲೀಟರ್ ನೀರನ್ನು 28ರಿಂದ 24ಕ್ಕೆ ಇಳಿಸಲು ಸುಮಾರು 13 ಕಿಲೋ ಐಸ್ ಬೇಕು. ಹಿಂದಿನ ರಾತ್ರಿಯೇ ತುಂಬಿಸಿಟ್ಟರೆ ಖರ್ಚು ಉಳಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ಇದರ ಉಲ್ಟಾ: 20ರಿಂದ 24ಕ್ಕೆ ಏರಿಸಲು 80 ಡಿಗ್ರಿಯ ನೀರು 23 ಲೀಟರ್, ಅಂದರೆ ದೊಡ್ಡ ಬಕೆಟ್ ಒಂದೂವರೆ. ಚೆನ್ನಾಗಿ ಕಲಸಿ, ಥರ್ಮಾಮೀಟರ್ ಇಟ್ಟು ನೋಡಿ, ಆಮೇಲೆ ಪ್ರಾಣಿ ಬಿಡಿ. ಪ್ರತಿ ದಿನದ ಬಿಸಿಯನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

ಗೋಡೆಯ ಮೇಲೆ ಏನು ಅಂಟಿಸಬೇಕು?

ದೊಡ್ಡದಾದ, ಒಂದಕ್ಕೊಂದು ಹೋಲದ ಆಕಾರಗಳು. ಕಪ್ಪು ತ್ರಿಕೋನ, ಅಡ್ಡ ಪಟ್ಟೆ, ದುಂಡು, ಕೂಡುವ ಗುರುತು. ಎ4 ಹಾಳೆಯ ಚಿತ್ರ ಸಾಲದು, ಇಲಿಗಳ ನೋಟ ಅಷ್ಟು ಚುರುಕಲ್ಲ.

ಆದರೆ ನೀವು ಅಂಟಿಸಿದ್ದು ಮಾತ್ರ ಗುರುತು ಅಂದುಕೊಳ್ಳಬೇಡಿ. ಕಿಟಕಿಯ ಬೆಳಕು, ಬಾಗಿಲು, ಫ್ಯಾನಿನ ಸದ್ದು, ಎಲ್ಲವೂ ಗುರುತೇ. ನಾನು ಕೆಲಸ ಕಲಿತ ಒಂದು ಕಾಲೇಜಿನಲ್ಲಿ ನಾಲ್ಕನೇ ದಿನ ಇಲಿಗಳೆಲ್ಲ ಒಟ್ಟಿಗೆ ಕೆಟ್ಟವು. ಔಷಧ ಕೊಟ್ಟ ಗುಂಪು, ಬರೀ ನೀರು ಕುಡಿಸಿದ ಗುಂಪು, ಎಲ್ಲ. ಹಿಂದಿನ ದಿನ 15 ಸೆಕೆಂಡಿಗೆ ಮಣೆ ಹತ್ತಿದ್ದ ಇಲಿ ಈಗ ತೊಟ್ಟಿಯ ಆ ಕಡೆ ಹುಡುಕುತ್ತಿದೆ. ಡೋಸ್ ತಪ್ಪಾಯಿತಾ, ನೀರು ತಣ್ಣಗಾಯಿತಾ ಅಂತ ತಲೆ ಕೆಡಿಸಿಕೊಂಡೆವು. ಮಧ್ಯಾಹ್ನ ಊಟಕ್ಕೆ ಹೊರಟಾಗ ಕಾರಿಡಾರ್‌ನಲ್ಲಿ ಕಣ್ಣಿಗೆ ಬಿತ್ತು, ನಮ್ಮ ಹಸಿರು ಬೀರು! ಇನ್‌ಸ್ಪೆಕ್ಷನ್ ಬರುತ್ತದೆ ಅಂತ ಸುಣ್ಣ ಹೊಡೆಸಲು ಅದನ್ನು ಹೊರಗಿಟ್ಟಿದ್ದರು. ನಾವು ಅಂಟಿಸಿದ ತ್ರಿಕೋನ, ಪಟ್ಟೆ ಯಾವುದನ್ನೂ ಇಲಿಗಳು ಲೆಕ್ಕಕ್ಕೆ ಇಟ್ಟಿರಲಿಲ್ಲ. ಬೀರು ನೋಡಿಕೊಂಡು ದಾರಿ ಕಂಡುಕೊಂಡಿದ್ದವು. ಆ ಬ್ಯಾಚ್‌ನ ಲೆಕ್ಕ ಹೋಯಿತು, ಎರಡು ತಿಂಗಳು ಹೋಯಿತು.

ಅಂದ ಹಾಗೆ, ನೀವೂ ಒಂದು ಗುರುತು. ಇಲಿ ಬಿಟ್ಟ ಮೇಲೆ ದಿನಾ ಒಂದೇ ಜಾಗದಲ್ಲಿ ನಿಲ್ಲಿ, ಇಲ್ಲವೇ ಪರದೆಯ ಹಿಂದೆ ಹೋಗಿ. ಇಲಿಗಳನ್ನು ಹಿಡಿಯುವವರೂ ಒಬ್ಬರೇ ಆಗಿರಲಿ.

ದಿನಕ್ಕೆ ಎಷ್ಟು ಸರದಿ? ಎಷ್ಟು ದಿನ?

ಹೆಚ್ಚಿನವರು ದಿನಕ್ಕೆ 4 ಸರದಿಯಂತೆ 5 ದಿನ ಮಾಡುತ್ತಾರೆ. ಸರದಿಗೆ 60 ಸೆಕೆಂಡ್. ಅಷ್ಟರಲ್ಲಿ ಮಣೆ ಸಿಗದಿದ್ದರೆ ಕೈಯಲ್ಲಿ ದಾರಿ ತೋರಿಸಿ ಮಣೆಯ ಮೇಲೆ ಕೂರಿಸಿ. ಸಿಕ್ಕಲಿ ಬಿಡಲಿ, 15-20 ಸೆಕೆಂಡ್ ಅಲ್ಲೇ ಕೂರಲಿ. ಆ ಹೊತ್ತಿನಲ್ಲಿ ಅದು ಮುಂಗಾಲೆತ್ತಿ ಸುತ್ತ ನೋಡುತ್ತದೆ. ಕಲಿಯುವುದು ಆಗಲೇ, ಅವಸರ ಮಾಡಬೇಡಿ. ಪ್ರತಿ ಸರದಿಗೂ ಬೇರೆ ದಿಕ್ಕಿನಿಂದ, ಮುಖ ತೊಟ್ಟಿಯ ಗೋಡೆಯ ಕಡೆ ಮಾಡಿ ಬಿಡಿ. ಒಂದೇ ಕಡೆಯಿಂದ ಬಿಟ್ಟರೆ ಅದು ನಕ್ಷೆ ಕಲಿಯುವುದಿಲ್ಲ, ಮೊದಲು ಹೇಳಿದ ಬಾಯಿಪಾಠ ಕಲಿಯುತ್ತದೆ. ಸರದಿ ಮುಗಿದ ಮೇಲೆ ಟವೆಲ್‌ನಲ್ಲಿ ಒರೆಸಿ ಬೆಚ್ಚಗಿಡಿ. ಚಿಟ್ಟಿಲಿಗಳ ಮೈ ಬೇಗ ತಣ್ಣಗಾಗುತ್ತದೆ.

ಕೊನೆಯ ದಿನ ಮಣೆ ತೆಗೆದುಬಿಡುತ್ತಾರಂತೆ, ಯಾಕೆ?

ಅದೇ ಪ್ರೋಬ್ ಟೆಸ್ಟ್. ಇಡೀ ಪರೀಕ್ಷೆಯಲ್ಲಿ ನಾನು ಹೆಚ್ಚು ನಂಬುವುದು ಇದನ್ನು. ಕೊನೆಯ ಕಲಿಕೆಯಾಗಿ 24 ಗಂಟೆ ಬಿಟ್ಟು, ಮಣೆಯಿಲ್ಲದ ತೊಟ್ಟಿಗೆ 60 ಸೆಕೆಂಡ್ ಬಿಡುತ್ತೇವೆ. ತೊಟ್ಟಿಯನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿಕೊಳ್ಳಿ. ಏನೂ ನೆನಪಿಲ್ಲದ ಇಲಿ ಪ್ರತಿ ಪಾಲಿನಲ್ಲೂ ಹೆಚ್ಚುಕಡಿಮೆ 25 ಶೇಕಡಾ ಹೊತ್ತು ಕಳೆಯುತ್ತದೆ. ನೆನಪಿರುವ ಇಲಿ ಮಣೆ ಇದ್ದ ಪಾಲಿನಲ್ಲೇ ಸುತ್ತುತ್ತದೆ. ಇದ್ದ ಜಾಗದ ಮೇಲೇ ಈಜಿ, ತಿರುಗಿ, ಮತ್ತೆ ಬಂದು ಹುಡುಕುತ್ತದೆ. ಕೀಲಿ ಇಟ್ಟ ಜಾಗದಲ್ಲಿ ಕೀಲಿ ಇಲ್ಲದಿದ್ದಾಗ ನಾವು ಅದೇ ಶೆಲ್ಫ್ ಮೂರು ಸಲ ತಡಕುತ್ತೇವಲ್ಲ, ಥೇಟ್ ಹಾಗೇ.

ಕೆಲವು ಇಲಿ ಗೋಡೆ ಬಿಟ್ಟು ಬರುವುದೇ ಇಲ್ಲ. ಕೆಲವು ಚಿಟ್ಟಿಲಿ ಸುಮ್ನೆ ತೇಲುತ್ತವೆ. ಏನು ಮಾಡುವುದು?

ಗೋಡೆ ಹಿಡಿದು ಸುತ್ತುವುದು ಹೆದರಿಕೆಯ ಲಕ್ಷಣ. ಮೊದಲ ದಿನ ಸಹಜ. ಮೂರನೇ ದಿನವೂ ಬಿಡದಿದ್ದರೆ ಅದು ಮಣೆಯನ್ನು ಮರೆತಿದೆ ಅನ್ನಲಾಗದು, ಹುಡುಕಲು ಹೋಗಿಯೇ ಇಲ್ಲ. ಇದಕ್ಕೆ ಮದ್ದು ಪರೀಕ್ಷೆಗೂ ಮೊದಲೇ ಇದೆ. ಒಂದು ವಾರ ದಿನಾ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿ. ಚಿಟ್ಟಿಲಿಯನ್ನು ಬಾಲ ಹಿಡಿದು ಎತ್ತಬೇಡಿ. ಪೈಪಿನ ತುಂಡಿನೊಳಗೆ ಅದೇ ಹೊಕ್ಕರೆ ಪೈಪ್ ಸಮೇತ ಎತ್ತಿ, ಇಲ್ಲವೇ ಬೊಗಸೆಯಲ್ಲಿ. ಬಾಲ ಹಿಡಿದರೆ ಅವುಗಳ ಆತಂಕ ಜಾಸ್ತಿಯಾಗುತ್ತದೆ ಅಂತ 2010ರಲ್ಲೇ ತೋರಿಸಿದ್ದಾರೆ. ನಮ್ಮ ಕಡೆ ಈಗಲೂ ಬಾಲವೇ. ತೇಲುವ ಪ್ರಾಣಿಯನ್ನು ಲೆಕ್ಕದಿಂದ ಕೈಬಿಡಬೇಕಾ ಇಟ್ಟುಕೊಳ್ಳಬೇಕಾ ಅನ್ನುವ ನಿಯಮವನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಿ. ಫಲಿತಾಂಶ ನೋಡಿಕೊಂಡು ಕೈಬಿಡುವುದು ಮೋಸ.

ಬಿಳಿ ಇಲಿಗೆ ಕಣ್ಣು ಕಾಣುತ್ತದಾ?

ಮಂದ. ಕೆಂಪು ಕಣ್ಣಿನ ತಳಿಗಳ ನೋಟ ಕಪ್ಪು, ಕಂದು ತಳಿಗಳಷ್ಟು ಚೆನ್ನಾಗಿಲ್ಲ. ಕೆಲವು ಚಿಟ್ಟಿಲಿ ತಳಿಗಳಿಗೆ ಹುಟ್ಟಿನಿಂದಲೇ ಅಕ್ಷಿಪಟ ಹಾಳಾಗುವ ದೋಷವಿದೆ, ಉದಾಹರಣೆಗೆ ಸಿ3ಎಚ್. ಕುರುಡು ಪ್ರಾಣಿಗೆ ಗೋಡೆಯ ಚಿತ್ರ ತೋರಿಸಿ ನೆನಪು ಅಳೆದಂತೆ ಆಗಬಾರದು ಅಂದರೆ ಕೊನೆಗೆ ಒಂದು ದಿನ ಮಣೆಯನ್ನು ನೀರಿನ ಮೇಲೆ ಎತ್ತಿ, ಪುಟ್ಟ ಬಾವುಟ ಸಿಕ್ಕಿಸಿ ಬಿಡಿ. ಅದನ್ನೂ ಹುಡುಕಲಾರದ ಪ್ರಾಣಿಯ ತೊಂದರೆ ಕಣ್ಣಿನದೋ ಕಾಲಿನದೋ ಇರಬಹುದು, ನೆನಪಿನದು ಅಂತ ಹೇಳಲಾಗುವುದಿಲ್ಲ.

ಔಷಧ ಕೊಟ್ಟ ಗುಂಪು ಬೇಗ ಮಣೆ ತಲುಪಿತು. ನೆನಪು ಹೆಚ್ಚಾಯಿತು ಅಂತ ಬರೆಯಬಹುದಾ?

ತಡೆಯಿರಿ. ಒಂದು ಲೆಕ್ಕ ನೋಡೋಣ. ಮೊದಲ ಗುಂಪು 20 ಸೆಕೆಂಡಿಗೆ ತಲುಪಿತು, ಎರಡನೆಯದು 16 ಸೆಕೆಂಡಿಗೆ ಅಂದುಕೊಳ್ಳಿ. ಎರಡನೆಯದು ಜಾಣ ಅನಿಸುತ್ತದೆ. ಈಗ ವೇಗ ನೋಡಿ. ಮೊದಲನೆಯದು ಸೆಕೆಂಡಿಗೆ 20 ಸೆಂ.ಮೀ., ಎರಡನೆಯದು 25. ಗುಣಿಸಿ. ಎರಡೂ ಈಜಿದ್ದು 4 ಮೀಟರೇ! ದಾರಿ ಅಷ್ಟೇ ಉದ್ದ, ಅಷ್ಟೇ ಸುತ್ತಾಟ. ಔಷಧ ಕಾಲಿಗೆ ಚುರುಕು ಕೊಟ್ಟಿದೆ, ತಲೆಗೆ ಅಂತ ಹೇಳಲು ಆಧಾರವಿಲ್ಲ. ಅದಕ್ಕೇ ಸೆಕೆಂಡ್ ಒಂದನ್ನೇ ಬರೆದುಕೊಂಡು ಬಂದವರಿಗೆ ನಾನು ಮೊದಲು ಕೇಳುವುದು, ದೂರ ಎಷ್ಟು, ವೇಗ ಎಷ್ಟು, ಪ್ರೋಬ್‌ನಲ್ಲಿ ಏನಾಯಿತು.

ಔಷಧ ಯಾವಾಗ ಕೊಟ್ಟಿರಿ ಅನ್ನುವುದೂ ಮುಖ್ಯ. ಕಲಿಕೆಗೆ ಮೊದಲು ಕೊಟ್ಟರೆ ಕಲಿಯುವುದರ ಮೇಲೆ ಪರಿಣಾಮವೋ, ಬರೀ ನಿದ್ದೆ, ಚುರುಕು, ಹೆದರಿಕೆಯ ಮೇಲೋ ಬೇರೆ ಮಾಡಲಾಗದು. ಕಲಿಕೆ ಮುಗಿದ ಕೂಡಲೇ ಕೊಟ್ಟರೆ ನೆನಪು ಗಟ್ಟಿಯಾಗುವ ಹಂತ. ಪ್ರೋಬ್‌ಗೆ ಮೊದಲು ಕೊಟ್ಟರೆ ನೆನಪಿಗೆ ತಂದುಕೊಳ್ಳುವ ಹಂತ. ಸ್ಕೋಪೋಲಮಿನ್ ಚುಚ್ಚಿ ಮರೆವು ತರಿಸುವವರಿಗೆ ಇದು ಇನ್ನೂ ಮುಖ್ಯ. ಅದು ಮರೆವಿನ ಜೊತೆ ಓಡಾಟವನ್ನೂ ಹೆಚ್ಚು ಮಾಡಬಲ್ಲದು, ಕಣ್ಣಿನ ಪಾಪೆಯನ್ನೂ ಅಗಲ ಮಾಡುತ್ತದೆ.

ಯಾವ ಗುಂಪಿಗೆ ಯಾವ ಔಷಧ ಅನ್ನುವುದು ಸ್ಟಾಪ್‌ವಾಚ್ ಹಿಡಿದವರಿಗೆ ಗೊತ್ತಿರಬಾರದು. ಕೋಡ್ ಹಾಕಿ ಸ್ನೇಹಿತರ ಕೈಗೆ ಕೊಡಿ. ನಮ್ಮ ಬೆರಳು ನಮಗೇ ಗೊತ್ತಿಲ್ಲದೆ ಅರ್ಧ ಸೆಕೆಂಡ್ ಮೊದಲು ಒತ್ತುತ್ತದೆ.

ಬ್ರಾಹ್ಮಿ ಕೊಟ್ಟು ನೋಡಬಹುದಾ? ಮನೆಯ ಹಿಂದೆ ಬೆಳೆದಿದೆ.

ಹಿತ್ತಲಲ್ಲಿ ಬೆಳೆದದ್ದು ಬಹುಶಃ ಒಂದೆಲಗ. ದುಂಡಗಿನ ಎಲೆ, ಒಂದು ಕಡೆ ಸೀಳು, ತಂಬುಳಿಗೆ ಹಾಕುತ್ತಾರಲ್ಲ ಅದು. ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ನಮ್ಮ ಅಜ್ಜಿ ಅದನ್ನೇ ಬ್ರಾಹ್ಮಿ ಅನ್ನುತ್ತಿದ್ದರು. ನೀರುಬ್ರಾಹ್ಮಿ ಬೇರೆ, ಬಕೋಪಾ ಮೊನ್ನಿಯೇರಿ. ಪುಟ್ಟ ದಪ್ಪ ಎಲೆ, ತೇವದ ಜಾಗದಲ್ಲಿ ಹಬ್ಬುತ್ತದೆ. ಎರಡರ ಒಳಗಿನ ರಾಸಾಯನಿಕಗಳೂ ಬೇರೆ. ಥೀಸಿಸ್‌ನಲ್ಲಿ ಬಕೋಪಾ ಅಂತ ಬರೆದು ಇಲಿಗೆ ತಂಬುಳಿ ಸೊಪ್ಪು ಕುಡಿಸಿದವರನ್ನು ನೋಡಿದ್ದೇನೆ. ಸಸ್ಯಶಾಸ್ತ್ರದವರಿಂದ ಗುರುತು ಮಾಡಿಸಿ, ಒಣಗಿಸಿದ ಮಾದರಿಯನ್ನು ನಂಬರ್ ಹಾಕಿ ಇಡಿ.

ಡೋಸ್ ಲೆಕ್ಕವೂ ನೇರವಲ್ಲ. 60 ಕಿಲೋ ಮನುಷ್ಯನಿಗೆ 300 ಮಿ.ಗ್ರಾಂ. ಅಂದರೆ ಕಿಲೋಗೆ 5. ಮೈಯ ಮೇಲ್ಮೈ ಲೆಕ್ಕದಲ್ಲಿ ಇಲಿಗೆ ಅದನ್ನು 6.2ರಿಂದ ಗುಣಿಸಬೇಕು, ಕಿಲೋಗೆ 31. ಚಿಟ್ಟಿಲಿಗೆ 12.3ರಿಂದ, ಅಂದರೆ 61.5.

ನಮ್ಮ ಕಾಲೇಜಿನಲ್ಲಿ ತೊಟ್ಟಿಗೆ ಜಾಗವಿಲ್ಲ. ಬೇರೆ ದಾರಿ ಇಲ್ವಾ?

ವೈ-ಮೇಜ್ ಮಾಡಿ. ಬಡಗಿಯ ಹತ್ತಿರ ಒಂದು ದಿನದ ಕೆಲಸ. ಮೂರು ತೋಳು, ಒಳಗೆ ಚಿಟ್ಟಿಲಿ, 8 ನಿಮಿಷ. ಇಲಿಗಳಿಗೆ ಈಗಷ್ಟೇ ನೋಡಿದ ಕಡೆಗೆ ಮತ್ತೆ ಹೋಗುವ ಮನಸ್ಸಿರುವುದಿಲ್ಲ, ಹೊಸ ತೋಳಿಗೆ ಹೋಗುತ್ತವೆ. ತೋಳುಗಳಿಗೆ ಅ, ಬ, ಕ ಅಂತ ಹೆಸರಿಡಿ. ಹೊಕ್ಕ ಸರಣಿ ಹೀಗಿದೆ ಅಂದುಕೊಳ್ಳಿ: ಅ ಬ ಕ ಬ ಅ ಕ ಅ ಬ. ಒಟ್ಟು 8 ಸಲ. ಮೂರು ಮೂರರಂತೆ ನೋಡುತ್ತಾ ಹೋದರೆ 6 ತ್ರಿವಳಿ. ಮೂರೂ ಬೇರೆ ಬೇರೆ ತೋಳಾದರೆ ಸರಿ. ಅಬಕ ಸರಿ, ಬಕಬ ತಪ್ಪು, ಕಬಅ ಸರಿ, ಬಅಕ ಸರಿ, ಅಕಅ ತಪ್ಪು, ಕಅಬ ಸರಿ. 6ರಲ್ಲಿ 4, ಅಂದರೆ 67 ಶೇಕಡಾ. ನೆನಪಿಲ್ಲದೆ ಸುಮ್ನೆ ಹೊಕ್ಕರೂ 50 ಬರುತ್ತದೆ. ಇದು ಕೆಲವು ಸೆಕೆಂಡುಗಳ ಮಟ್ಟಿನ ನೆನಪು (ವರ್ಕಿಂಗ್ ಮೆಮೊರಿ), ನಿನ್ನೆಯ ನೆನಪಲ್ಲ. ಒಂದು ಪ್ರಾಣಿ ಮುಗಿದ ಮೇಲೆ ತೋಳುಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ.

ಬಾರ್ನ್ಸ್ ಮೇಜ್ ಅಂತ ಇನ್ನೊಂದಿದೆ, 1979ರದ್ದು. ಅಂಚಿನಲ್ಲಿ ತೂತುಗಳಿರುವ ದುಂಡು ಟೇಬಲ್, ಒಂದು ತೂತಿನ ಕೆಳಗೆ ಮಾತ್ರ ಕತ್ತಲೆಯ ಪೆಟ್ಟಿಗೆ. ನೀರಿಲ್ಲ, ಮುದಿ ಪ್ರಾಣಿಗಳಿಗೂ ಒಳ್ಳೆಯದು. ಎಂಟು ತೋಳಿನ ರೇಡಿಯಲ್ ಮೇಜ್ 1976ರಿಂದ ಇದೆ, ತೋಳಿನ ತುದಿಯ ತಿಂಡಿ ಹುಡುಕಿಸಲು ಪ್ರಾಣಿಯನ್ನು ಸ್ವಲ್ಪ ಹಸಿವಿನಲ್ಲಿಡಬೇಕು. ತೂಕ ಮೊದಲಿದ್ದುದರ 85 ಶೇಕಡಾಕ್ಕಿಂತ ಕೆಳಗೆ ಇಳಿಯದ ಹಾಗೆ ದಿನಾ ತೂಗಬೇಕು. ನಮ್ಮ ಕಡೆ ಪ್ರಿಯವಾದ ಎಲಿವೇಟೆಡ್ ಪ್ಲಸ್ ಮೇಜ್ ಅಸಲಿಗೆ ಆತಂಕದ ಪರೀಕ್ಷೆ. ಅದೊಂದರಲ್ಲೇ ನೆನಪು ಅಳೆದೆ ಅನ್ನಬೇಡಿ.

ಸಾಫ್ಟ್‌ವೇರ್ ಇಲ್ಲದೆ ಆಗುವುದಿಲ್ವಾ?

ಆಗುತ್ತದೆ. ಸೀಲಿಂಗ್‌ಗೆ ಮೊಬೈಲ್ ಕಟ್ಟಿ ವಿಡಿಯೋ ಮಾಡಿ. ಉಚಿತ ಸಾಫ್ಟ್‌ವೇರ್‌ಗಳೂ ಇವೆ. ಕರೆಂಟ್ ಹೋದಾಗ ದೀಪ ಆರದ ಹಾಗೆ ಯುಪಿಎಸ್ ಮಾತ್ರ ಇರಲಿ. ಕತ್ತಲಲ್ಲಿ ಗೋಡೆಯ ಗುರುತು ಯಾರಿಗೆ ಕಾಣುತ್ತದೆ?

ಎಷ್ಟು ಇಲಿ ಬೇಕು? ಅನುಮತಿ ಬೇಕಾ?

ಅನುಮತಿ ಬೇಕೇ ಬೇಕು. ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ "ಫಾರ್ಮ್ ಬಿ" ಅನ್ನುವ ಅರ್ಜಿ ತುಂಬಿ ಕೊಡಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 1998ರ ನಿಯಮಗಳು ಇದಕ್ಕೆ ಆಧಾರ. ಇಲಿಗಳನ್ನು ನೋಂದಾಯಿತ ಸಾಕಣೆದಾರರಿಂದಲೇ ತರಬೇಕು. ಸಂಖ್ಯೆಯನ್ನು ಹಿರಿಯರ ಥೀಸಿಸ್ ನೋಡಿ "ಗುಂಪಿಗೆ 6" ಅಂತ ಬರೆಯಬೇಡಿ. ಎಷ್ಟು ವ್ಯತ್ಯಾಸ ಕಂಡರೆ ಸಾಕು ಅಂತ ಮೊದಲು ತೀರ್ಮಾನಿಸಿ, ಸಂಖ್ಯಾಶಾಸ್ತ್ರದವರ ಹತ್ತಿರ ಲೆಕ್ಕ ಹಾಕಿಸಿ. ಒಂದು ಇಲಿಯ 4 ಸರದಿ 4 ಇಲಿ ಆಗುವುದಿಲ್ಲ, ಇದನ್ನೂ ಅವರಿಗೆ ಹೇಳಿ.

ಇದು ಹಿಂಸೆ ಅಲ್ವಾ ಸರ್?

ಇಲಿಗೆ ಖುಷಿ ಕೊಡುವ ಕೆಲಸವಂತೂ ಅಲ್ಲ. ನೋವಿಲ್ಲ, ಆದರೆ ಆತಂಕವಿದೆ. ಪ್ರಾಣಿ ಮುಳುಗುವ ಲಕ್ಷಣ ಕಂಡ ಕೂಡಲೇ ಎತ್ತಬೇಕು, ಸಮಯ ನೋಡುತ್ತಾ ನಿಲ್ಲುವಂತಿಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ. ವೇಗ ಬರೆದುಕೊಳ್ಳದೆ, ಬಾವುಟದ ಪರೀಕ್ಷೆ ಮಾಡದೆ, ಮೂವತ್ತು ಇಲಿ ಮುಗಿಸಿ ಯಾವ ತೀರ್ಮಾನಕ್ಕೂ ಬಾರದ ಪ್ರಾಜೆಕ್ಟ್ ಇದೆಯಲ್ಲ, ಅಲ್ಲಿ ಆದದ್ದು ಹಿಂಸೆ.

ಕೊನೆಗೊಂದು, ನಮ್ಮ ಅಂಗಡಿಯ ಇಲಿ ಬೋನಿಗೆ ಬೀಳುವುದೇ ಇಲ್ಲ. ಅದಕ್ಕೂ ನೆನಪಿನ ಶಕ್ತಿ ಜಾಸ್ತಿಯಾ?

ಇದನ್ನು ಕೇಳಿದ್ದು ವಿದ್ಯಾರ್ಥಿಯಲ್ಲ, ನಾನು ಮಂಡಕ್ಕಿ ಮಿರ್ಚಿ ತಿನ್ನಲು ಹೋಗುವ ಅಂಗಡಿಯ ಯಜಮಾನರು. ಉತ್ತರ ಹೌದು. ಲ್ಯಾಬಿನಲ್ಲಿ ಸಾಕದ, ಹೊರಗಿನ ಇಲಿಗೆ ತನ್ನ ದಾರಿಯಲ್ಲಿ ಎಲ್ಲೆಲ್ಲಿ ಏನಿದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ರಾತ್ರೋರಾತ್ರಿ ಒಂದು ಹೊಸ ಪೆಟ್ಟಿಗೆ ಬಂದರೆ ಅನುಮಾನ ಪಟ್ಟು ದಿನಗಟ್ಟಲೆ ಅದರಿಂದ ದೂರವೇ ಇರುತ್ತದೆ. ಮತ್ತೆ ಅದು ಓಡಾಡುವುದು ಗೋಡೆಯ ಅಂಚಿನಲ್ಲೇ, ತೊಟ್ಟಿಯಲ್ಲಿ ಮೊದಲ ದಿನ ಮಾಡುವ ಹಾಗೆ. ಹಾಗಾಗಿ ಬೋನನ್ನು ಗೋಡೆಗೆ ಒತ್ತಿ, ಬಾಗಿಲು ಬೀಳದ ಹಾಗೆ ಕಟ್ಟಿ, ಒಳಗೆ ನಾಲ್ಕು ಕಾಳು ಮಂಡಕ್ಕಿ ಹಾಕಿ ನಾಲ್ಕೈದು ರಾತ್ರಿ ಹಾಗೇ ಬಿಡಿ ಅಂದೆ. ಒಳಗೆ ಹೋಗಿ ತಿಂದು ಬರುವುದು ಅಭ್ಯಾಸವಾದ ಮೇಲೆ ಬಾಗಿಲು ಸಡಿಲ ಬಿಡಿ. ಆರನೇ ದಿನ ಅವರು ದುಡ್ಡು ತಗೊಳ್ಳಲಿಲ್ಲ.